ಅಖಾಡದ ಸುತ್ತ ಕುಳಿತವರು

ಕುಸ್ತಿಯ ಚರಿತ್ರೆಯೆಂದರೆ ಪೈಲ್ವಾನರ ಚರಿತ್ರೆಯೆಂದೇ ನಾವು ತಿಳಿದಿದ್ದೇವೆ. ಯಾರು ಯಾರನ್ನು ಚಿತ್ ಮಾಡಿದರು, ಯಾರ ಹೆಗಲಿಗೆ ಬೆಳ್ಳಿಯ ಗದೆ ಏರಿತು ಎಂಬುದನ್ನು ನೆನಪಿಟ್ಟವರು ಮೈಸೂರು ಸೀಮೆಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಆದರೆ ಕೆಮ್ಮಣ್ಣಿನ ಅಖಾಡದ ಸುತ್ತ ಬಿಸಿಲಿನಲ್ಲಿ ಕುಳಿತು, ಗಂಟಲು ಹರಿಯುವಂತೆ ಕೂಗಿ, ಮರುದಿನ ಮಾತು ಹೊರಡದೆ ಮನೆಯವರಿಂದ ಬೈಸಿಕೊಂಡ ಸಾವಿರಾರು ಜನರಿಗೂ ಒಂದು ಚರಿತ್ರೆ ಉಂಟಷ್ಟೆ. ಈ ಹೊತ್ತು ಅವರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನೂ ಅವರಲ್ಲೊಬ್ಬ.

ಈ ಯೋಚನೆ ಹುಟ್ಟಿದ್ದು ಮಾತ್ರ ಬಹು ದೂರದ ಊರಿನಲ್ಲಿ. ಕೆಲವು ವರ್ಷಗಳ ಹಿಂದೆ ಅಮೆರಿಕದ ಬಾಸ್ಟನ್ ನಗರದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನನ್ನನ್ನು ಫೆನ್ವೇ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಕರೆದೊಯ್ದರು. 1912ರಲ್ಲಿ ತೆರೆದ ಕ್ರೀಡಾಂಗಣ ಅದು. ಎಡಕ್ಕೆ 37 ಅಡಿ ಎತ್ತರದ ಹಸಿರು ಗೋಡೆ; ಅದರ ಬುಡದಲ್ಲಿರುವ ಅಂಕಫಲಕವನ್ನು ಇಂದಿಗೂ ಒಳಗೆ ಕುಳಿತವರು ಕೈಯಿಂದಲೇ ಬದಲಿಸುತ್ತಾರೆ. ಆಟ ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನೋಡುಗರು ಮಾತ್ರ ಪೂರ್ತಿ ತಿಳಿದರು. ಪಕ್ಕದ ವೃದ್ಧರೊಬ್ಬರು ತೊಡೆಯ ಮೇಲೆ ಕಾಗದವಿಟ್ಟುಕೊಂಡು ಒಂದೊಂದು ಎಸೆತವನ್ನೂ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತಿದ್ದರು, ನಮ್ಮ ಶ್ಯಾನುಭೋಗರು ಲೆಕ್ಕ ಬರೆದಂತೆ. ಕಡಲೆಕಾಯಿ ಮಾರುವವನು ಮೆಟ್ಟಿಲ ಮೇಲೆ ನಿಂತು ಪೊಟ್ಟಣವನ್ನು ಗುರಿಯಿಟ್ಟು ಎಸೆಯುತ್ತಿದ್ದ. ದುಡ್ಡು ಕೈಯಿಂದ ಕೈಗೆ ದಾಟಿ ಅವನನ್ನು ಸೇರುತ್ತಿತ್ತು. ನಡುವೆ ತೀರ್ಪುಗಾರನ ಒಂದು ತೀರ್ಮಾನ ಜನಕ್ಕೆ ಸರಿಬೀಳಲಿಲ್ಲ. ಇಡೀ ಕ್ರೀಡಾಂಗಣ ಒಂದೇ ಗಂಟಲಾಗಿ ಅವನನ್ನು ಧಿಕ್ಕರಿಸಿತು. ಆ ಕೂಗು ಕಿವಿಗೆ ಬಿದ್ದೊಡನೆ ನನಗೆ ನಂಜನಗೂಡು ನೆನಪಾಯಿತು. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಹೀಗೆ ಕೂಗುವ ಹಕ್ಕು ನೋಡುಗನಿಗೆ ಮೊದಲಿನಿಂದ ಇದ್ದದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂದು ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಮಲ್ಲರ ದರ್ಜೆಗಳೇನು, ಅವರ ಆಹಾರವೇನು, ಅಭ್ಯಾಸವೇನು ಎಂಬುದೆಲ್ಲ ಅಲ್ಲಿ ಬರುತ್ತದೆ. ಆದರೆ ವಿನೋದವೆಂಬುದು ಅರಸನದು. ಗ್ರಂಥದ ಕಣ್ಣಿರುವುದು ಅವನ ಪೀಠದ ಕಡೆಗೇ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ ಪಾಯೆಸ್ ಕೂಡ ಕುಸ್ತಿಯನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂಥ, ಮುಖ ಕೆಡುವಂಥ ಹೊಡೆತಗಳು. ಹೊತ್ತು ಮುಳುಗಿದೊಡನೆ ಕಣವನ್ನು ಹಗಲು ಮಾಡುವ ಪಂಜುಗಳು. ಇವುಗಳ ಜೊತೆಗೆ ಅವನು ಬಾಗಿಲಲ್ಲಿ ಕೋಲು, ಚರ್ಮದ ಚಾವಟಿ ಹಿಡಿದು ನಿಂತ ಕಾವಲುಗಾರರನ್ನೂ ಮರೆಯದೆ ಹೇಳುತ್ತಾನೆ. ನೋಡುವುದೆಂಬುದು ಅಪ್ಪಣೆಯಾದವರಿಗೆ ಮಾತ್ರ ದಕ್ಕುವ ಪ್ರಸಾದವಾಗಿತ್ತು.

ಮೈಸೂರಿನಲ್ಲಿಯೂ ಅದೇ ಮರ್ಯಾದೆ ಮುಂದುವರಿಯಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ಆ ಕಾಲದ ಗುರುತು. ಬೋಳಿಸಿದ ತಲೆಯಿಂದ ರಕ್ತದ ಹನಿ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ನೋಡಲು ಬಂದವರು ಆಹ್ವಾನಿತರು. ‘ಇನ್ನಷ್ಟು ಆಡಿಸಿ’ ಎನ್ನುವ ಬಾಯಿ ಅವರಿಗಿಲ್ಲ. ಇದಕ್ಕೆ ಹೊರತಾದ ಕಥೆಯೊಂದು ನನಗೆ ಬಹಳ ಪ್ರಿಯ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋದರಂತೆ. ಅಲ್ಲಿನ ಮಲ್ಲನೊಬ್ಬ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ನೇತುಹಾಕಿ, ಬಂದವರೆಲ್ಲ ಅದರಡಿ ನುಸುಳುವಂತೆ ಮಾಡಿದ್ದನಂತೆ. ಇವರು ಅವನನ್ನು ಕೆಡವಿ, ಬಹುಮಾನಕ್ಕೂ ಕಾಯದೆ ಊರು ಬಿಟ್ಟರಂತೆ. ಐತಿಹ್ಯವೇ ಇರಲಿ, ಗುಂಪಿನಲ್ಲಿ ಹೆಸರಿಲ್ಲದೆ ನಿಂತವನೇ ಕಣಕ್ಕೆ ಇಳಿದುಬಿಟ್ಟನೆಂಬುದು ನೋಡುಗರ ಜಾತಿಗೆ ಎಷ್ಟು ಹಿತವಾದ ಮಾತು!

ಹಳೆಯ ವ್ಯವಸ್ಥೆಯನ್ನು ಬುಡಮೇಲು ಮಾಡಿದ್ದು ಟಿಕೆಟ್. ಎಂಟಾಣೆ ತೆತ್ತವನು ಪ್ರಜೆಯಾಗಿ ಉಳಿಯುವುದಿಲ್ಲ, ಪಂಚನಾಗುತ್ತಾನೆ. ಕೊಟ್ಟ ಕಾಸಿಗೆ ಅವನು ಕೇಳುವುದು ಏನು? ತನ್ನವನು ಗೆಲ್ಲಲೆಂಬ ಆಸೆ ಇದ್ದೇ ಇದೆ. ಆದರೆ ಸೋಲನ್ನು ಅವನು ಹೇಗೋ ನುಂಗುತ್ತಾನೆ, ನುಂಗಲಾರದ್ದು ನಾಟಕವನ್ನು. ಅಮೆರಿಕದಲ್ಲಿ ಆಟಗಾರರಿಗೆಲ್ಲ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡ 1869ರ ಸಿನ್ಸಿನಾಟಿಯದು. ಅದಾದ ಐವತ್ತು ವರ್ಷಕ್ಕೆ, 1919ರ ಮಹಾಸರಣಿಯಲ್ಲಿ, ಚಿಕಾಗೋ ತಂಡದ ಕೆಲವರು ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋತರೆಂಬ ಆರೋಪ ಎದ್ದಿತು. 1921ರಲ್ಲಿ ನ್ಯಾಯಾಲಯದ ಪಂಚರು ಅವರನ್ನು ನಿರ್ದೋಷಿಗಳೆಂದು ಬಿಟ್ಟರು. ಆದರೂ ಆಟದ ಆಡಳಿತಾಧಿಕಾರಿ ಲ್ಯಾಂಡಿಸ್ ಎಂಟು ಮಂದಿಯನ್ನು ಜೀವಮಾನಪರ್ಯಂತ ಹೊರಗಿಟ್ಟ. ನನ್ನನ್ನು ಕಾಡುವುದು ಆ ಎಂಟು ಜನಕ್ಕಿಂತ ಹೆಚ್ಚಾಗಿ ಅಂದು ಸುತ್ತ ಕುಳಿತಿದ್ದ ಸಾವಿರಾರು ಮಂದಿ. ಅವರು ಮನಸಾರೆ ಕೂಗಿದರು, ಮನಸಾರೆ ನೊಂದರು. ಅವರ ಪಾಲಿಗೆ ಕಣ್ಣೆದುರಿನದೆಲ್ಲ ನಿಜವಾಗಿತ್ತು.

ಇನ್ನು ನಂಜನಗೂಡು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ತಾಯಿಯ ತವರು ತಿರುಮಕೂಡಲು ನರಸೀಪುರದ ಬಳಿಯ ಒಂದು ಹಳ್ಳಿ. ನಮ್ಮೂರ ಕಪಿಲೆ ಅಲ್ಲಿಗೆ ಹರಿದು ಕಾವೇರಿಯನ್ನು ಕೂಡುವಂತೆ ನಾವು ಬೇಸಗೆಯ ರಜೆಗೆ ಅಲ್ಲಿಗೆ ಹೋಗಿ ಸೇರುತ್ತಿದ್ದೆವು. ನನ್ನ ಸೋದರಮಾವ ಆ ಊರಿನ ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನ. ಬೆಳಗಿನ ಜಾವ ಹನುಮಂತನಿಗೆ ಕೈಮುಗಿದು ಅವನು ಮಣ್ಣು ಅಗೆಯುವುದನ್ನು ಬಾಗಿಲಲ್ಲಿ ನಿಂತು ನೋಡುವುದೇ ನಮಗೊಂದು ಹಬ್ಬ.

1970ರ ದಶಕದ ಮೊದಲ ವರ್ಷಗಳು. ನನಗೆ ಹತ್ತೋ ಹನ್ನೊಂದೋ. ನಂಜನಗೂಡಿನ ದೊಡ್ಡ ಜಾತ್ರೆಯ ದಿನಗಳು. 1891ರಷ್ಟು ಹಿಂದೆಯೇ ಊರಿಗೆ ರೈಲು ಬಂದಿತ್ತಾಗಿ ಮೈಸೂರಿನ ಜನ ಸಲೀಸಾಗಿ ಬಂದಿಳಿಯುತ್ತಿದ್ದರು. ತೇರು ನೋಡಿದವರು ಹಾಗೆಯೇ ತಗಡಿನ ಬೇಲಿಯೊಳಗಿನ ಕುಸ್ತಿಗೂ ನುಗ್ಗಿದರು. ಮಾವನಿಗೆ ಮೈಸೂರಿನ ಗರಡಿಯೊಂದರ ಪೈಲ್ವಾನನೊಡನೆ ಜೋಡಿ ಕಟ್ಟಿದ್ದರು. ಮೊದಲ ಹತ್ತು ನಿಮಿಷ ನೋಡಬೇಕಾದದ್ದೇ: ತೊಡೆ ತಟ್ಟಿದ ಸದ್ದಿಗೆ ಕಡಲೆಕಾಯಿ ಸುಲಿಯುವ ಕೈಗಳೂ ನಿಂತವು. ಮಾವನ ಒಂದು ಪಟ್ಟಿಗೆ ಎದುರಾಳಿ ನೆಲ ಕಂಡು, ಹಾವಿನಂತೆ ಜಾರಿಕೊಂಡ. ಆಮೇಲೆ ಏನಾಯಿತೋ, ಕುಸ್ತಿ ತಣ್ಣಗಾಯಿತು. ಕೈಗೆ ಕೈ ಕೊಟ್ಟು, ತಲೆಗೆ ತಲೆ ಆನಿಸಿ, ಸುತ್ತುವುದೇ ಸುತ್ತುವುದು. ಎದುರಾಳಿ ಒಳನುಗ್ಗಬಹುದಾದ ಎಡೆ ಕಂಡರೂ ನುಗ್ಗಲಿಲ್ಲ. ಕೊನೆಗೆ ಸಮವೆಂದು ಸಾರಿದರು.

ಜನ ಎದ್ದರು. ‘ಒಳಒಪ್ಪಂದ! ದುಡ್ಡು ವಾಪಸ್ಸು ಕೊಡಿ!’ ಮೊದಲು ಸಿಪ್ಪೆ, ಆಮೇಲೆ ಮಣ್ಣಿನ ಹೆಂಟೆ ಬಂದು ಬಿದ್ದವು. ನನ್ನ ಸುತ್ತ ಇದ್ದವರಾರಿಗೂ ನಾನು ಯಾರೆಂದು ತಿಳಿಯದು. ನಾನೂ ಕೂಗಿದೆ. ಒಮ್ಮೆಯಲ್ಲ, ಗಂಟಲು ಕಟ್ಟುವವರೆಗೆ ಕೂಗಿದೆ. ಮಾವ ತಲೆ ತಗ್ಗಿಸಿ ಹೊರಟದ್ದನ್ನು ಕಂಡು ಮತ್ತಷ್ಟು ಕೂಗಿದೆ.

ರಾತ್ರಿ ನಮ್ಮ ಮನೆಯ ಪಡಸಾಲೆಯಲ್ಲಿ ಅವನಿಗೆ ನೀರಿನ ಚೊಂಬು ಎತ್ತಲಾಗಲಿಲ್ಲ. ಪಕ್ಕೆಲುಬು ಮುರಿದಿತ್ತು. ಎದುರಾಳಿಗೆ ಅದು ಉಸಿರಿನ ಸದ್ದಿನಲ್ಲೇ ತಿಳಿದುಹೋಗಿತ್ತಂತೆ. ಆ ಪಕ್ಕೆಗೆ ಅವನು ಮತ್ತೆ ಕೈ ಹಾಕಲಿಲ್ಲ. ತಾನು ಗೆಲ್ಲುವುದನ್ನೂ ಬಿಟ್ಟ. ಒಂದು ಮಾತೂ ನಡೆದಿರಲಿಲ್ಲ. ಜನ ಕೂಗಿದ ಹಾಗೆ ಅಲ್ಲೊಂದು ಒಪ್ಪಂದವೇನೋ ಇತ್ತು. ಅದು ಎಂಥ ಒಪ್ಪಂದವೆಂದು ಬೇಲಿಯೊಳಗಿದ್ದ ಪಂಚರಲ್ಲಿ ಒಬ್ಬನಿಗೂ ಕಾಣಲಿಲ್ಲ.

ತಾಯಿ ಒಳಗೆ ಹೋದ ಮೇಲೆ ಮಾವ ನನ್ನನ್ನು ಹತ್ತಿರ ಕರೆದ.

‘ನೀನೂ ಕೂಗ್ದೇನ್ಲಾ?’

‘ಇಲ್ಲ ಮಾವ’ ಎಂದೆ. ಗಂಟಲು ಒಡೆದು ದನಿಯೇ ಹೊರಡಲಿಲ್ಲ.

ಅವನು ನಗಲು ಹೋಗಿ, ನೋವಿಗೆ ಪಕ್ಕೆ ಹಿಡಿದುಕೊಂಡ. ‘ಕೂಗ್ಬೇಕಾಗಿತ್ತು ಕಣ್ಲಾ. ಎಂಟಾಣೆ ಕೊಟ್ಟಿದ್ದೀಯಲ್ಲ’ ಎಂದ.

ಆಮೇಲೆ ಅವನು ಕಣಕ್ಕೆ ಇಳಿಯಲಿಲ್ಲ. ನೋಡುವುದನ್ನು ಮಾತ್ರ ಬಿಡಲಿಲ್ಲ. ಕೊನೆಯ ಬಾರಿ ನಾವಿಬ್ಬರೂ ಜೊತೆಯಾಗಿ ಹೋದದ್ದು ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ಕುಸ್ತಿಗೆ. ಸಮವಾದ ಜೋಡಿಯೊಂದನ್ನು ಕಂಡು ಹುಡುಗರ ಗುಂಪು ರೇಗಿ ಕೂಗತೊಡಗಿತು. ಪೈಲ್ವಾನರಿಬ್ಬರೂ ನಮ್ಮ ಮುಂದೆಯೇ ಮೈಗಂಟಿದ ಮಣ್ಣನ್ನು ಒರೆಸಿಕೊಳ್ಳುತ್ತ ಹಾದುಹೋದರು. ಮಾವ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ, ಅವರು ಉಸಿರು ಎಳೆದುಕೊಳ್ಳುವುದನ್ನೇ ನೋಡುತ್ತಿದ್ದ.