ಒಂಟಿಮನೆಯ ಕೋವಿ: ಆಯ್ಕೆ, ಸಜ್ಜು ಮತ್ತು ಜೋಪಾನ

ಮಲೆನಾಡು, ಕೊಡಗು ಮತ್ತು ಕರಾವಳಿಯ ಒಳನಾಡಿನಲ್ಲಿ ಮನೆಯಿಂದ ಮನೆಗೆ ಕೂಗಳತೆಗೂ ಮೀರಿದ ಅಂತರವಿರುತ್ತದೆ. ಮಳೆಗಾಲದಲ್ಲಿ ಮರ ಉರುಳಿ ದಾರಿ ಮುಚ್ಚಿದರೆ, ವಿದ್ಯುತ್ತು ಮತ್ತು ದೂರವಾಣಿ ಎರಡೂ ಕಡಿದುಹೋದರೆ, ಹೊರಗಿನ ನೆರವು ತಲುಪಲು ಹಲವು ಗಂಟೆ, ಕೆಲವೊಮ್ಮೆ ದಿನಗಳೇ ಬೇಕಾಗುತ್ತವೆ. ಇಂಥ ಒಂಟಿಮನೆಗಳಲ್ಲಿ ಬೆಳೆ ಕಾಯುವುದಕ್ಕೂ ಆಪತ್ತಿಗೂ ಇರಲಿ ಎಂದು ಕೋವಿಯೊಂದನ್ನು ಇಟ್ಟುಕೊಳ್ಳುವುದು ಹಳೆಯ ರೂಢಿ. ಆದರೆ ಕೋವಿ ಇದ್ದ ಮಾತ್ರಕ್ಕೆ ಮನೆ ಸುರಕ್ಷಿತವಾಗುವುದಿಲ್ಲ. ಅಜಾಗರೂಕತೆಯಿಂದ ಇಟ್ಟ ಕೋವಿ ಹೊರಗಿನ ಅಪಾಯಕ್ಕಿಂತ ಹೆಚ್ಚಾಗಿ ಮನೆಯವರಿಗೇ ಮುಳುವಾಗಬಲ್ಲದು. ಕೋವಿಯ ಆಯ್ಕೆಯಿಂದ ಹಿಡಿದು ಪ್ರವಾಹ, ಭೂಕುಸಿತದ ಸಂದರ್ಭದವರೆಗೆ ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಬಂದೂಕು ಹೊಂದುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿದೆ. ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗಳು, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ನೀಡುತ್ತಾರೆ. ಅದಕ್ಕೆ ಮುನ್ನ ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಲಾಗುತ್ತದೆ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ತಿರಸ್ಕೃತವಾದರೆ 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಉತ್ಸವಗಳ ಸಂಭ್ರಮದಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತರುವುದು ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾದ ಅಪರಾಧವಾಯಿತು.

ಅರಣ್ಯದಂಚಿನ ರೈತರು ಗಮನಿಸಬೇಕಾದ ಇನ್ನೊಂದು ಅಂಶ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಲ್ಲಿದೆ. ಅಭಯಾರಣ್ಯದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಪರವಾನಗಿದಾರರು ತಮ್ಮ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ಸುತ್ತಲಿನ ಅನೇಕ ಹಳ್ಳಿಗಳಿಗೆ ಈ ನಿಯಮ ಅನ್ವಯಿಸುತ್ತದೆ.

ಕೊಡಗಿನ ವಿನಾಯಿತಿ

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. 1857ರ ದಂಗೆಯ ನಂತರ ದೇಶದಾದ್ಯಂತ ನಿಶ್ಶಸ್ತ್ರೀಕರಣ ನಡೆದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಲ್ಲಿ ಇದರ ಮೂಲವಿದೆ. ಸ್ವಾತಂತ್ರ್ಯಾನಂತರವೂ ಕೇಂದ್ರ ಸರ್ಕಾರ ಇದನ್ನು ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಹೊರಟ ಅಧಿಸೂಚನೆಯಂತೆ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾಗೊಳಿಸಿತು.

ಕೊಡಗಿನಲ್ಲಿ 'ತೋಕ್' ಸಂಸ್ಕೃತಿಯ ಭಾಗ. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸುವ ಸಂಪ್ರದಾಯವಿದೆ. ಆದರೆ ವಿನಾಯಿತಿ ಇರುವುದು ಪರವಾನಗಿಯಿಂದ ಮಾತ್ರ. ವನ್ಯಜೀವಿ ಕಾಯ್ದೆಯಾಗಲಿ, ಅಪರಾಧ ಕಾನೂನಾಗಲಿ ಅಲ್ಲಿಯೂ ಎಲ್ಲರಿಗೂ ಒಂದೇ.

ಯಾವ ಕೋವಿ ಸೂಕ್ತ?

ಬೆಳೆ ರಕ್ಷಣೆಗೆ ಕಾಯ್ದೆ ಮೊದಲು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಜನರ ಬಾಯಲ್ಲಿ ಇದೇ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾದ ನಳಿಗೆಯ ಬೇರೆ ಕೋವಿಗೂ ಪರವಾನಗಿ ಸಿಗಬಹುದು. ಆತ್ಮರಕ್ಷಣೆಗಾಗಿ ನೀಡುವ ಇಂಥ ಕೋವಿಯ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು.

ಕೇಪಿನ ಕೋವಿ ಅಗ್ಗ, ಸರಳ. ಆದರೆ ಮಳೆಗಾಲದಲ್ಲಿ ಮದ್ದು ತೇವ ಎಳೆದುಕೊಂಡು ಈಡು ಹಾರದಿರುವುದು, ತಡವಾಗಿ ಹಾರುವುದು ಇದರ ದೊಡ್ಡ ದೋಷ. ತುಂಬಿದ ಈಡನ್ನು ಸುಲಭವಾಗಿ ಹೊರತೆಗೆಯಲಾಗದು ಎಂಬುದು ಇನ್ನೊಂದು ಅಪಾಯ. ತುಂಬಿಟ್ಟದ್ದನ್ನು ಮರೆತು ಗೋಡೆಗೆ ಒರಗಿಸಿದ ಕೋವಿಯಿಂದ ಜೀವಹಾನಿಯಾಗಬಹುದು. ಕರಿಮದ್ದಿಗೆಂದು ಮಾಡಿದ ಕೋವಿಗೆ ತೋಟೆಯಿಂದ ತೆಗೆದ ಹೊಗೆರಹಿತ ಮದ್ದನ್ನು ತುಂಬಿದರೆ ನಳಿಗೆಯೇ ಸಿಡಿಯುತ್ತದೆ.

12 ಬೋರಿನ ತೋಟೆಕೋವಿ ಒಂಟಿಮನೆಗೆ ಹೆಚ್ಚು ಹೊಂದುತ್ತದೆ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಮಾಡಿದರೆ, ಅಂಥ ಒಂದು ಗುಂಡಿನ ವ್ಯಾಸವೇ ಈ ನಳಿಗೆಯ ಅಳತೆ, ಸುಮಾರು 18.5 ಮಿಲಿಮೀಟರ್. ಒಂಟಿನಳಿಗೆ ಅಥವಾ ಜೋಡುನಳಿಗೆಯ ಮಡಚುವ ಕೋವಿಯಲ್ಲಿ ತೋಟೆ ಇದೆಯೇ ಇಲ್ಲವೇ ಎಂಬುದು ಮಡಚಿದ ಕ್ಷಣದಲ್ಲೇ ಕಣ್ಣಿಗೆ ಕಾಣುತ್ತದೆ. ಅಭ್ಯಾಸ ಕಡಿಮೆ ಇರುವ ಮನೆಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಪಂಪ್ ಆ್ಯಕ್ಷನ್ ಕೋವಿಯಲ್ಲಿ ಹೆಚ್ಚು ತೋಟೆ ಹಿಡಿಯುತ್ತದೆ. ಒಳಗೆ ಒಂದು ಉಳಿದಿರುವುದು ಗಮನಕ್ಕೆ ಬಾರದಿರುವ ಸಾಧ್ಯತೆಯೂ ಹೆಚ್ಚುತ್ತದೆ.

ಸುರುಳಿಗೆರೆ ಕೊರೆದ ನಳಿಗೆಯ 0.315 ರೈಫಲ್‌ನ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್‌ಗೂ ಮೀರಿ ಸಾಗಬಲ್ಲದು. ತೋಟ, ಗದ್ದೆ, ಮನೆ ಬೆರೆತಿರುವ ಊರಿಗೆ ಅದು ತಕ್ಕದ್ದಲ್ಲ. ಪಿಸ್ತೂಲು, ರಿವಾಲ್ವರ್‌ಗಳಿಗೆ ನಿಯಮಿತ ಅಭ್ಯಾಸ ಬೇಕು. ಬೆಳೆ ಕಾಯಲು ಅವು ಉಪಯೋಗಕ್ಕೆ ಬಾರವು.

ಹಳೆಯ ಕೋವಿ ಕೊಳ್ಳುವಾಗ ತಯಾರಕರ ಹೆಸರು, ಕ್ರಮಸಂಖ್ಯೆ ಇರುವುದನ್ನು ನೋಡಬೇಕು. ಗುರುತು ಇಲ್ಲದ ಬಂದೂಕಿನ ಮಾರಾಟ ಅಪರಾಧ. ನಳಿಗೆಯಲ್ಲಿ ತಗ್ಗು, ಉಬ್ಬು, ತುಕ್ಕಿನ ಕುಳಿ ಇದ್ದರೆ, ಮಡಚುವ ಕೀಲು ಸಡಿಲವಾಗಿದ್ದರೆ ಬಿಡುವುದೇ ಲೇಸು. ಊರಿನ ಕುಲುಮೆಯಲ್ಲಿ ಕದ್ದು ಮಾಡಿಸಿದ ಕೋವಿಯ ನಳಿಗೆ ಯಾವಾಗ ಸಿಡಿಯುವುದೋ ಹೇಳಲಾಗದು. ಅದನ್ನು ಹೊಂದಿದವರಿಗೆ ಜೈಲುವಾಸ ಕಟ್ಟಿಟ್ಟದ್ದು.

ತೋಟೆಯ ಆಯ್ಕೆ

ನಳಿಗೆಯ ಮೇಲೆ ಕೆತ್ತಿದ ಅಳತೆಗೂ ತೋಟೆಯ ಅಳತೆಗೂ ತಾಳೆಯಾಗಬೇಕು. 65 ಮಿಲಿಮೀಟರ್ ತೋಟೆಗೆಂದು ಮಾಡಿದ ಹಳೆಯ ಕೋವಿಗೆ 70 ಮಿಲಿಮೀಟರ್ ತೋಟೆ ಹಾಕಿದರೆ ಒಳಗೆ ಹೋಗಿ ಕೂರಬಹುದು. ಆದರೆ ಸಿಡಿದಾಗ ತೋಟೆಯ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಸಣ್ಣ ಚರೆ 30-40 ಮೀಟರ್ ಆಚೆಗೆ ಚದುರಿ ಬಲ ಕಳೆದುಕೊಳ್ಳುತ್ತದೆ. ದಪ್ಪ ಚರೆ ಮತ್ತು ಒಂಟಿಗುಂಡು ನೂರಾರು ಮೀಟರ್ ಹಾರುತ್ತವೆ. ಕಾಗದದ ಕವಚದ ತೋಟೆ ತೇವಕ್ಕೆ ಉಬ್ಬುವುದರಿಂದ ಮಳೆನಾಡಿಗೆ ಪ್ಲಾಸ್ಟಿಕ್ ಕವಚದ್ದೇ ಒಳ್ಳೆಯದು. ಪರವಾನಗಿಯಲ್ಲಿ ನಮೂದಾದ ಮಿತಿಯನ್ನು ಮೀರಿ ತೋಟೆ ಸಂಗ್ರಹಿಸುವಂತಿಲ್ಲ.

ಜೊತೆಗಿರಬೇಕಾದ ಸಾಮಗ್ರಿ

* ಬೀಗ ಹಾಕಬಹುದಾದ ಉಕ್ಕಿನ ಕಪಾಟು; ತೋಟೆಗೆ ಬೇರೆ ಬೀಗದ ಪೆಟ್ಟಿಗೆ.
* ಟ್ರಿಗರ್ ಬೀಗ, ಹೆಗಲಪಟ್ಟಿ, ಪೂರ್ತಿ ಮುಚ್ಚುವ ಚೀಲ. ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಚೀಲದಲ್ಲಿಟ್ಟೇ ಒಯ್ಯಬೇಕೆಂಬ ನಿಯಮವಿದೆ.
* ನಳಿಗೆ ಉಜ್ಜುವ ಸಲಾಕೆ, ಕುಂಚ, ಬಟ್ಟೆ, ಕೋವಿ ಎಣ್ಣೆ, ತೇವ ಹೀರುವ ಸಿಲಿಕಾ ಜೆಲ್.
* ಕಿವಿ ಮುಚ್ಚುಗೆ ಮತ್ತು ಕನ್ನಡಕ. ಈಡಿನ ಸದ್ದು 140 ಡೆಸಿಬೆಲ್ ಮೀರುತ್ತದೆ. ಒಂದೇ ಈಡು ಶ್ರವಣಶಕ್ತಿಗೆ ಹಾನಿ ಮಾಡಬಲ್ಲದು.
* ಪ್ರಬಲ ಟಾರ್ಚು, ಸೀಟಿ, ರಕ್ತಸ್ರಾವ ತಡೆಯುವ ಬಿಗಿಪಟ್ಟಿ ಸಹಿತ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.
* ಪರವಾನಗಿ, ಖರೀದಿ ರಶೀದಿ ಮತ್ತು ಕೋವಿಯ ಕ್ರಮಸಂಖ್ಯೆಯ ಪ್ರತಿ, ನೀರು ತಾಗದ ಲಕೋಟೆಯಲ್ಲಿ.

ಕೇಪಿನ ಕೋವಿಯಲ್ಲಿ ಈಡು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಕರಿಮದ್ದಿನ ಶೇಷ ಗಾಳಿಯ ತೇವ ಹೀರಿ ಉಕ್ಕನ್ನು ಬೇಗ ತಿನ್ನುತ್ತದೆ.

ಮನೆಯೊಳಗಿನ ಜೋಪಾನ

ಕೋವಿ ಖಾಲಿಯಾಗಿ ಬೀಗದೊಳಗೆ, ತೋಟೆ ಬೇರೆಡೆ ಇನ್ನೊಂದು ಬೀಗದೊಳಗೆ ಇರಬೇಕು. ಅಟ್ಟ, ಹಾಸಿಗೆಯ ಅಡಿ, ಬಾಗಿಲ ಮೂಲೆ ಎಂದೂ ಸುರಕ್ಷಿತವಲ್ಲ. ಮಕ್ಕಳಿಗೆ ಮನೆಯ ಎಲ್ಲ ಗುಪ್ತ ಜಾಗಗಳೂ ಗೊತ್ತಿರುತ್ತವೆ. ಕೋವಿ ಪರವಾನಗಿದಾರರ ಹೊಣೆ. ತೋಟದ ಕಾವಲಿನವರ ಕೈಗೆ, ನೆಂಟರ ಕೈಗೆ ಕೊಡುವಂತಿಲ್ಲ.

ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆ, ಸಾಲದ ಚಿಂತೆ ಅಥವಾ ಕುಡಿತದಿಂದ ಬಳಲುತ್ತಿದ್ದರೆ ಕೋವಿಯನ್ನು ಮನೆಯಿಂದ ಹೊರಗಿಡುವುದೇ ವಿವೇಕ. ಕ್ಷಣದ ಹತಾಶೆಯಲ್ಲಿ ಕೈಗೆಟುಕುವ ಕೋವಿ ಎರಡನೆಯ ಯೋಚನೆಗೆ ಸಮಯ ಕೊಡುವುದಿಲ್ಲ. ಅಧಿಕೃತ ಬಂದೂಕು ವ್ಯಾಪಾರಿಗಳ ಬಳಿ ಅಥವಾ ಠಾಣೆಯಲ್ಲಿ ರಶೀದಿ ಪಡೆದು ಠೇವಣಿ ಇಡಬಹುದು. ಮಾನಸಿಕ ನೆರವಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ತೋಟದಲ್ಲಿ ಎಚ್ಚರ

ಎಲ್ಲ ಕೋವಿಯೂ ತುಂಬಿದೆ ಎಂದೇ ಭಾವಿಸುವುದು, ಹೊಡೆಯಬಾರದ ಕಡೆಗೆ ನಳಿಗೆ ತಿರುಗಿಸದಿರುವುದು, ಗುರಿ ನಿಶ್ಚಯವಾಗುವವರೆಗೆ ಟ್ರಿಗರ್ ಮೇಲೆ ಬೆರಳಿಡದಿರುವುದು, ಗುರಿಯ ಹಿಂದೇನಿದೆ ಎಂದು ನೋಡುವುದು: ಈ ನಾಲ್ಕು ಸೂತ್ರಗಳಿಗೆ ಅಪವಾದವಿಲ್ಲ. ಪೊದೆಯ ಅಲುಗಾಟಕ್ಕೆ, ಕತ್ತಲ ಸದ್ದಿಗೆ ಈಡು ಹೊಡೆಯುವುದೆಂದರೆ ಹಂದಿಯೆಂದು ಭಾವಿಸಿ ನೆರೆಯವರ ಪ್ರಾಣ ತೆಗೆಯಲು ಸಿದ್ಧವಾದಂತೆ. ಬೇಲಿ, ಕಾಲುಸಂಕ ದಾಟುವ ಮೊದಲು ತೋಟೆ ತೆಗೆಯಬೇಕು. ಕುಡಿದವರು ಕೋವಿ ಮುಟ್ಟಬಾರದು. ಈಡು ಹಾರದಿದ್ದರೆ ಕನಿಷ್ಠ ಅರ್ಧ ನಿಮಿಷ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದಿರಬೇಕು. ಪ್ರಾಣಿಗಳ ದಾರಿಗೆ ತಂತಿ ಬಿಗಿದು ಕೋವಿ ಕಟ್ಟುವುದು ಕಾನೂನುಬಾಹಿರ. ಆ ತಂತಿಗೆ ಸೌದೆಗೆ ಹೋದವರೂ ಕಾಲು ಕೊಡಬಹುದು.

ಪರವಾನಗಿ ಎಂದರೆ ಕೊಲ್ಲುವ ಅನುಮತಿಯಲ್ಲ

ಬೆಳೆ ರಕ್ಷಣೆಯ ಕೋವಿ ಇದೆಯೆಂದು ಕಾಡುಪ್ರಾಣಿಯನ್ನು ಕೊಲ್ಲುವಂತಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದ ಆ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಡಿ ಲಿಖಿತ ಅನುಮತಿ ಬೇಕು. ಆನೆ, ಚಿರತೆ, ಕಾಟಿ, ಕರಡಿ, ನವಿಲು, ಊರಿನ ಸಾಮಾನ್ಯ ಮಂಗ ಇವೆಲ್ಲ ಮೊದಲನೇ ಅನುಸೂಚಿಯಲ್ಲಿವೆ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವದಿಂದ ಕೊಂದರೆ ಅಪರಾಧವಾಗದು. ಆದರೆ ಆ ಪ್ರಾಣಿಯ ದೇಹ ಸರ್ಕಾರದ ಸ್ವತ್ತು. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೋರಲು ಅವಕಾಶವಿದೆ. ದಿನನಿತ್ಯದ ಕಾವಲಿಗೆ ಸೌರಬೇಲಿ, ಕಂದಕ, ನಾಯಿಗಳೇ ಕೋವಿಗಿಂತ ಹೆಚ್ಚು ಉಪಯುಕ್ತ.

ಕಳ್ಳರ ವಿಷಯದಲ್ಲೂ ಮಿತಿಯಿದೆ. ಆತ್ಮರಕ್ಷಣೆಯ ಹಕ್ಕು ಎದುರಿಗಿರುವ ಅಪಾಯಕ್ಕೆ ತಕ್ಕಷ್ಟೇ. ಅಡಿಕೆ ಕದ್ದು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲಬೇಕಾದವರು ಹೊಡೆದವರೇ. ಬಾಗಿಲು ಭದ್ರಪಡಿಸಿ 112ಕ್ಕೆ ಕರೆ ಮಾಡುವುದು ಮೊದಲ ಹೆಜ್ಜೆಯಾಗಬೇಕು.

ಪ್ರವಾಹ, ಭೂಕುಸಿತ ಬಂದಾಗ

2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಭಾಗದ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಜರಿಯಿತು. ಇಂಥ ಗಳಿಗೆಯಲ್ಲಿ ಕೋವಿಯಿಂದ ಆಗುವ ಸಹಾಯ ಕಡಿಮೆ, ಅದು ತರುವ ಹೊಣೆ ಹೆಚ್ಚು.

ಮುನ್ಸೂಚನೆ ಬಂದ ಕೂಡಲೇ, ದಾರಿ ತೆರೆದಿರುವಾಗಲೇ, ಕೋವಿಯನ್ನು ಠಾಣೆ ಅಥವಾ ವ್ಯಾಪಾರಿಯ ವಶಕ್ಕೆ ಕೊಟ್ಟು ರಶೀದಿ ಪಡೆಯುವುದು ಉತ್ತಮ. ಹಠಾತ್ತನೆ ಹೊರಡಬೇಕಾದರೆ ತೋಟೆ ತೆಗೆದು, ಕಪಾಟಿಗೆ ಬೀಗ ಹಾಕಿ, ದಾಖಲೆಯ ಲಕೋಟೆಯನ್ನಷ್ಟೇ ಒಯ್ಯಬೇಕು. ಕೋವಿಗಾಗಿ ಹಿಂದಿರುಗಿ ಪ್ರಾಣ ಪಣಕ್ಕಿಡಬಾರದು. ಜನ, ಮಕ್ಕಳು ಕಿಕ್ಕಿರಿದ ಪರಿಹಾರ ಕೇಂದ್ರಕ್ಕೆ ಕೋವಿ ತರುವುದು ಸಲ್ಲ. ಜೊತೆಯಲ್ಲಿ ಬಂದಿದ್ದರೆ ಅಲ್ಲಿನ ಪೊಲೀಸರಿಗೆ ಒಪ್ಪಿಸಬೇಕು.

ಕೋವಿ ಕೊಚ್ಚಿಹೋದರೆ ಅಥವಾ ಮಣ್ಣಿನಡಿ ಸಿಲುಕಿದರೆ ಕ್ರಮಸಂಖ್ಯೆ ಸಹಿತ ತಕ್ಷಣ ಠಾಣೆಗೆ ತಿಳಿಸಬೇಕು. ಆ ಕೋವಿ ಮುಂದೆ ಬೇರೆಯವರ ಕೈಯಲ್ಲಿ ಸಿಕ್ಕಿದರೆ ಈ ದೂರೇ ಮಾಲೀಕರಿಗೆ ರಕ್ಷೆ. ಅವಶೇಷದಲ್ಲಿ ಇತರರ ಕೋವಿ ಕಂಡವರು ಅದನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ನೀರು, ಕೆಸರು ಕಂಡ ಕೋವಿಯನ್ನು ನುರಿತವರು ಪರೀಕ್ಷಿಸುವವರೆಗೆ ಹಾರಿಸಲೇಬಾರದು. ನಳಿಗೆಯಲ್ಲಿ ಒಂದು ಹಿಡಿ ಮಣ್ಣು ಕಟ್ಟಿದ್ದರೂ ಅದು ಸಿಡಿಯಬಹುದು. ನೆನೆದ ತೋಟೆಗಳನ್ನು ಒಣಗಿಸಿ ಬಳಸದೆ ಠಾಣೆಗೆ ಒಪ್ಪಿಸಬೇಕು.

ಚುನಾವಣೆ ಮತ್ತು ವಾರಸುದಾರಿಕೆ

ಚುನಾವಣೆ ಬಂದಾಗ ಕೋವಿ ಠೇವಣಿ ಇಡುವ ಆದೇಶ ಬೆಳೆಗಾರರ ಹಳೆಯ ಅಸಮಾಧಾನ. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲೆಯ ಪರಿಶೀಲನಾ ಸಮಿತಿ ಪ್ರಕರಣವಾರು ನಿರ್ಧರಿಸುತ್ತದೆ. ಕಾಡುಪ್ರಾಣಿಗಳ ಹಾವಳಿ ಇರುವವರು ಪಹಣಿ, ಬೆಳೆಹಾನಿಯ ದಾಖಲೆಯೊಂದಿಗೆ ಮುಂಚಿತವಾಗಿ ವಿನಾಯಿತಿ ಕೋರಬಹುದು.

ಪರವಾನಗಿದಾರರು ತೀರಿಕೊಂಡರೆ ಕೋವಿ ತಾನಾಗಿ ಮಕ್ಕಳದಾಗುವುದಿಲ್ಲ. ಅದನ್ನು ಠೇವಣಿ ಇಟ್ಟು ವಾರಸುದಾರರು ಹೊಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. 70 ವರ್ಷ ತುಂಬಿದವರು ಅಥವಾ 25 ವರ್ಷ ಕೋವಿ ಹೊಂದಿದವರು ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳು ಅವಕಾಶ ಕೊಡುತ್ತವೆ. ಮಳೆಗಾಲಕ್ಕೆ ಮುನ್ನ ಪರವಾನಗಿಯ ಅವಧಿ, ಕಪಾಟಿನ ಬೀಗ, ತೋಟೆಗಳ ಎಣಿಕೆ ಮತ್ತು ದಾಖಲೆಯ ಲಕೋಟೆ ಈ ನಾಲ್ಕನ್ನು ಪ್ರತಿ ವರ್ಷ ಒಮ್ಮೆ ಪರಿಶೀಲಿಸಿಕೊಳ್ಳುವುದು ಕೋವಿ ಇರುವ ಪ್ರತಿ ಮನೆಯ ಕರ್ತವ್ಯ.