ಕಪ್ಪು ಗಾಲಿ, ಹೊಳೆವ ಗಾಲಿ

ಅಕ್ಕನ ಮಗ ಕಳೆದ ತಿಂಗಳು ಯಾರೋ ಓಡಿಸಿ ಬಿಟ್ಟ ಅವೆಂಜರ್ ಕ್ರೂಸ್ ಬೈಕೊಂದನ್ನು ಕೊಂಡು, ಧನಕವಡಿಯ ನಮ್ಮ ಮನೆಯೆದುರು ತಂದು ನಿಲ್ಲಿಸಿದ. ಎಂಜಿನ್ನು ಚೆನ್ನಾಗಿಯೇ ಇತ್ತು. ರಿಮ್ಮುಗಳ ಕ್ರೋಮಿನ ಮೇಲೆ ಮಾತ್ರ ಪುಣೆಯ ಮಳೆಗಾಲಗಳು ತುಕ್ಕಿನ ಚುಕ್ಕೆಗಳನ್ನು ಬಿಟ್ಟುಹೋಗಿದ್ದವು. "ಇದನ್ನೆಲ್ಲಾ ಕರೀ ಮಾಡಸ್ತೇನ್ರಿ ಮಾಮಾ, ಕ್ರೋಮ್ ಹಳೇ ಕಾಲದ್ದಾತು" ಎಂದ. ಕಪ್ಪು ಮಾಡಿಸುವುದು ಅವನ ಇಷ್ಟ. ಆದರೆ ಕ್ರೋಮು ಹಳತು, ಕಪ್ಪು ಹೊಸತು ಎಂಬ ಅವನ ಲೆಕ್ಕ ಚರಿತ್ರೆಯ ಪ್ರಕಾರ ತಲೆಕೆಳಗಾದದ್ದು.

ಮೋಟಾರ್‌ಸೈಕಲ್ಲು ಹುಟ್ಟಿದ್ದು ಸೈಕಲ್ಲಿನ ಮನೆಯಲ್ಲಿ. ತಂತಿಯ ಸ್ಪೋಕುಗಳನ್ನು ಓರೆಯಾಗಿ, ಒಂದನ್ನೊಂದು ದಾಟುವಂತೆ ಬಿಗಿಯುವ ವಿಧಾನಕ್ಕೆ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ. ಆ ಗಾಲಿಯೇ ಮೋಟಾರ್‌ಸೈಕಲ್ಲಿಗೂ ಬಂತು. ಗಾಲಿಯ ಜೊತೆಗೆ ಸೈಕಲ್ಲಿನ ಬಣ್ಣವೂ ಬಂತು. ಅದು ಕುಲುಮೆಯಲ್ಲಿ ಬೇಯಿಸಿದ ಕಪ್ಪು ಎನಾಮೆಲ್. ಹೊಳಪು ಬೇಕಾದ ಭಾಗಗಳಿಗೆ ನಿಕ್ಕಲ್ ಇತ್ತು. ಆದರೆ ನಿಕ್ಕಲ್ ಬೇಗ ಮಾಸುತ್ತದೆ, ತಿಕ್ಕುತ್ತಲೇ ಇರಬೇಕು. ಕ್ರೋಮಿಯಂ ಲೇಪ ಕಾರ್ಖಾನೆಗಳಲ್ಲಿ ನೆಲೆಗೊಂಡದ್ದು 1920ರ ದಶಕದಲ್ಲಿ. ಹಾಗಾಗಿ ನಮ್ಮ ಹುಡುಗ ಹಳೆಯದೆಂದು ತಳ್ಳಿದ ಕ್ರೋಮೇ ಈ ಮನೆಗೆ ತಡವಾಗಿ ಬಂದ ಸೊಸೆ.

ಕ್ರೋಮಿನ ಗುಣವೇ ವಿಚಿತ್ರವಾದದ್ದು. ನಾವು ಕಾಣುವ ಕ್ರೋಮಿಯಂ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ತುಕ್ಕನ್ನು ನಿಜವಾಗಿ ತಡೆಯುವುದು ಅದರಡಿಯಲ್ಲಿರುವ ದಪ್ಪನೆಯ ನಿಕ್ಕಲ್. ಮೇಲಿನದು ಆ ನಿಕ್ಕಲ್ ಮಾಸದಂತೆ ಕಾಯುತ್ತದೆ, ಅಷ್ಟೆ. ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಕಲಾಯಿಯವನು ತಾಮ್ರದ ಪಾತ್ರೆಯೊಳಗೆ ತವರ ಬಳಿಯುತ್ತಿದ್ದುದೂ ಚೆಂದಕ್ಕಲ್ಲ, ಕಿಲುಬು ಹಿಡಿಯದಿರಲೆಂದು. ನಿಕ್ಕಲ್ಲಿನಲ್ಲಿ ಜಿಪುಣತನ ಮಾಡಿದ ಲೇಪಕ್ಕೆ ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಅಕ್ಷರಶಃ ಒಪ್ಪುತ್ತದೆ. ಇದನ್ನು ನಾನು ಕಲಿತದ್ದು ಹಣ ಕೊಟ್ಟು. ಧಾರವಾಡದಲ್ಲಿ ತಂದೆಯವರು ಓಡಿಸುತ್ತಿದ್ದ ಯೆಜ್ಡಿಯ ರಿಮ್ಮುಗಳಿಗೆ ಅಗ್ಗದ ದರಕ್ಕೆ ಮರುಲೇಪ ಮಾಡಿಸಿದೆ. ಒಂದೇ ಮಳೆಗಾಲಕ್ಕೆ ಅದು ಈರುಳ್ಳಿ ಸಿಪ್ಪೆಯಂತೆ ಸುಲಿದುಹೋಯಿತು.

ಆ ಯೆಜ್ಡಿ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕನ್ನಡನಾಡಿನ ಒಂದು ತಲೆಮಾರಿಗೆ ಕ್ರೋಮ್ ಎಂದರೆ ಜಾವಾದ ಪೆಟ್ರೋಲ್ ಟ್ಯಾಂಕಿನ ಎರಡು ಪಕ್ಕಗಳಲ್ಲಿ ಮಿಂಚುತ್ತಿದ್ದ ಆ ಕನ್ನಡಿಯೇ. ಅದರಲ್ಲಿ ಮುಖ ನೋಡಿ ಕ್ರಾಪು ತಿದ್ದಿಕೊಂಡವರಲ್ಲಿ ನಾನೂ ಒಬ್ಬ.

ಅಮೆರಿಕದಲ್ಲಿ ಈ ಕಥೆಗೆ ಯುದ್ಧದ ತಿರುವಿದೆ. ಎರಡನೆಯ ಮಹಾಯುದ್ಧದಲ್ಲಿ ನಿಕ್ಕಲ್ಲೂ ಕ್ರೋಮಿಯಮ್ಮೂ ಶಸ್ತ್ರಾಸ್ತ್ರಗಳಿಗೆ ಹೋದವು. ಸೈನ್ಯದ ಹಾರ್ಲೆಗಳು ಅಡಿಯಿಂದ ಮುಡಿಯವರೆಗೆ ಮಂಕು ಹಸಿರು ಬಳಿದುಕೊಂಡವು. ಯುದ್ಧ ಮುಗಿದ ಮೇಲೆ ಹಳೆಯ ಗಾಡಿಗಳನ್ನು ತಮ್ಮಿಷ್ಟದಂತೆ ಬದಲಿಸಿಕೊಳ್ಳುವ ಗೀಳು ಬೆಳೆಯಿತು, ಹೊಳಪು ಸ್ವಾತಂತ್ರ್ಯದ ಗುರುತಾಯಿತು. 1969ರ ಈಸಿ ರೈಡರ್ ಚಿತ್ರದ ಬೈಕುಗಳು ಆ ಗುರುತನ್ನು ಲೋಕಕ್ಕೆಲ್ಲ ಹಂಚಿದವು. ಎಲ್ಲರೂ ಹೊಳೆಯತೊಡಗಿದಾಗ ಬೇರೆಯಾಗಿ ಕಾಣಬೇಕೆಂಬವರಿಗೆ ಉಳಿದದ್ದು ಕಪ್ಪು. ಹಾರ್ಲೆ 2009ರಲ್ಲಿ ಕಪ್ಪು ಗಾಲಿಗಳ ಐರನ್ 883 ತಂದಿತು. ಪುಣೆಯ ಬಜಾಜ್ 2015ರಲ್ಲಿ ಅವೆಂಜರನ್ನೇ ಎರಡು ದಾರಿಯಲ್ಲಿ ಒಡೆಯಿತು: ಕ್ರೂಸಿಗೆ ಸ್ಪೋಕು ಮತ್ತು ಕ್ರೋಮ್, ಸ್ಟ್ರೀಟಿಗೆ ಕಪ್ಪು ಅಲಾಯ್. ಒಂದೇ ಕಂಪನಿ ಅಪ್ಪನಿಗೊಂದು, ಮಗನಿಗೊಂದು ಮಾರಿದಂತೆ.

ಇಂದಿನ ಕಪ್ಪು ಬಹುಮಟ್ಟಿಗೆ ಪೌಡರ್ ಕೋಟಿಂಗ್. ವಿದ್ಯುದಾವೇಶ ಕೊಟ್ಟ ಪುಡಿಯನ್ನು ಲೋಹಕ್ಕೆ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಮತ್ತೆ ಕುಲುಮೆ, ಮತ್ತೆ ಕಪ್ಪು. ಸೈಕಲ್ಲಿನ ಅಜ್ಜನೇ ಮರಳಿ ಬಂದಂತೆ. ಆದರೆ ಅಜ್ಜನ ಕಾಲದ ರಿಮ್ಮು ಉಕ್ಕಿನದು. ಅಲಾಯ್ ಗಾಲಿಯನ್ನು ಅಳತೆ ಮೀರಿ ಕಾಯಿಸಿದರೆ ಅದರ ಬಲ ಕುಗ್ಗುತ್ತದೆ. ಬೇರಿಂಗ್ ಕೂರುವ ಜಾಗಕ್ಕೆ ಪುಡಿ ತಾಗದಂತೆ ಮುಚ್ಚದಿದ್ದರೆ ಬೇರಿಂಗ್ ಸರಿಯಾಗಿ ಕೂರದು. ಮೀಟಿಯರ್ 350ರ ಸೂಪರ್‌ನೋವಾದಲ್ಲಿರುವಂತೆ ಅಂಚು ಕಡೆದು ಮಿಂಚಿಸಿದ ಅಲಾಯ್ ಇನ್ನೂ ಸೂಕ್ಷ್ಮ: ಮೇಲಿನ ಪಾರದರ್ಶಕ ಲೇಪಕ್ಕೆ ಕಲ್ಲು ಬಡಿದರೆ ಸಾಕು, ಒಳಗೆ ನೀರಿಳಿದು ಬಿಳಿ ಎಳೆಗಳಂತೆ ತುಕ್ಕು ಹಬ್ಬುತ್ತದೆ. ಕಾತ್ರಜ್ ಘಾಟಿನಲ್ಲಿ ಕಲ್ಲಿಗೆ ಬರವಿಲ್ಲ.

ಹೊಳಪಿಗೆ ಇನ್ನೊಂದು ಬೆಲೆಯೂ ಇದೆ, ಅದನ್ನು ಕೊಡುವವನು ಸವಾರನಲ್ಲ. ಸಾಂಪ್ರದಾಯಿಕ ಕ್ರೋಮ್ ತೊಟ್ಟಿಯಲ್ಲಿರುವುದು ಕ್ರೋಮಿಕ್ ಆಮ್ಲ. ಅದರ ಆವಿಯಲ್ಲಿ ದುಡಿದವರ ಮೂಗಿನ ನಡುಗೋಡೆಯೇ ಹುಣ್ಣಾಗಿ ತೂತಾದ ದಾಖಲೆಗಳು ವೈದ್ಯಕೀಯದಲ್ಲಿವೆ. ಷಡ್ವೇಲೆನ್ಸಿಯ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿರ್ಣಯ. ನನ್ನ ಆ ಅಗ್ಗದ ಮರುಲೇಪ ನಡೆದದ್ದು ಕಿಟಕಿಯಿಲ್ಲದ ಒಂದು ಶೆಡ್ಡಿನಲ್ಲಿ. ಬರಿಗೈಯಲ್ಲಿ ರಿಮ್ಮು ಮುಳುಗಿಸುತ್ತಿದ್ದ ಹುಡುಗನಿಗೆ ನನ್ನ ಅಕ್ಕನ ಮಗನಷ್ಟೇ ವಯಸ್ಸಿದ್ದಿರಬೇಕು. ಅಂದು ನಾನು ಚೌಕಾಸಿ ಮಾಡಿದೆ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗ ರಿಮ್ಮುಗಳನ್ನು ಕಪ್ಪು ಮಾಡಿಸುವುದೆಂದೇ ತೀರ್ಮಾನಿಸಿದ. ಸ್ಪೋಕುಗಳನ್ನು ಮಾತ್ರ ಸ್ಟೇನ್‌ಲೆಸ್ ಉಕ್ಕಿನವು ಹಾಕಿಸುತ್ತಾನಂತೆ, ಅವಕ್ಕೆ ಯಾವ ಲೇಪವೂ ಬೇಡವಲ್ಲ. ಭಾನುವಾರ ಇಬ್ಬರೂ ನಾನಾ ಪೇಠಿಗೆ ಹೋಗಿ ಅಳತೆ ಕೊಟ್ಟು ಬಂದೆವು. ಬರುವಾಗ, "ಅಜ್ಜನ ಯೆಜ್ಡಿ ರಿಮ್ ಇನ್ನೂ ಅದಾವೇನ್ರಿ?" ಎಂದು ಕೇಳಿದ. ಧಾರವಾಡದ ಮನೆಯ ಅಟ್ಟದ ಮೇಲಿವೆ ಎಂದೆ.