ನಡುವಣ ಸಂಪುಟದ ಇಕ್ಕಟ್ಟು: ‘ಕ್ಯಾಚಿಂಗ್ ಫೈರ್’ ಕುರಿತು ಟಿಪ್ಪಣಿ

ಡಿಸ್ಟೋಪಿಯನ್ ತ್ರಿವಳಿಯ ಎರಡನೆಯ ಕಾದಂಬರಿ ಕೈಗೆತ್ತಿಕೊಳ್ಳುವವರಿಗೆ ಒಂದು ಸಂಗತಿ ಮೊದಲೇ ಗೊತ್ತಿರುತ್ತದೆ: ಕ್ರೂರ ಪ್ರಭುತ್ವ ಇಲ್ಲಿ ಉರುಳುವುದಿಲ್ಲ, ಉರುಳಿದರೆ ಮೂರನೆಯದಕ್ಕೆ ಕೆಲಸವೇ ಉಳಿಯದು. ಮೊದಲ ಪುಸ್ತಕದ ರೋಮಾಂಚನ ಮತ್ತೆ ಬೇಕು, ಅದೇ ಕಥೆ ಮಾತ್ರ ಬೇಡ. ‘ದಿ ಹಂಗರ್ ಗೇಮ್ಸ್’ (2008) ಬರೆದ ಸುಝಾನ್ ಕಾಲಿನ್ಸ್ ಮರುವರ್ಷ ‘ಕ್ಯಾಚಿಂಗ್ ಫೈರ್’ನಲ್ಲಿ ಈ ಬೇಡಿಕೆಯನ್ನು ಎದುರಿಸಿದ ರೀತಿ ಗಮನಾರ್ಹ.

ಮೇಲ್ನೋಟಕ್ಕೆ ಇದು ಪುನರಾವರ್ತನೆ. ಜಿಲ್ಲೆಗಳ ಹದಿಹರೆಯದವರು ಪರಸ್ಪರ ಕೊಂದು ಉಳಿಯಬೇಕಾದ ವಾರ್ಷಿಕ ಕ್ರೀಡೆಯೇ ಎರಡರಲ್ಲೂ ಕೇಂದ್ರ: ಮೊದಲ ಸಂಪುಟದಲ್ಲಿ 74ನೆಯದು, ಇಲ್ಲಿ 75ನೆಯದು. 25 ವರ್ಷಕ್ಕೊಮ್ಮೆ ಬರುವ ಈ ವಿಶೇಷ ಕೂಟಕ್ಕೆ ಈ ಸಲ ಹಿಂದೆ ಗೆದ್ದವರನ್ನೇ ಆರಿಸುತ್ತಾರೆ. ಮೊದಲ ಪುಸ್ತಕದಲ್ಲಿ ಗೆದ್ದ ನಾಯಕಿ ಕ್ಯಾಟ್‌ನಿಸ್ ಮತ್ತು ಅವಳ ಜೊತೆಗಾರ ಪೀಟಾ ಮತ್ತೆ ಕಣಕ್ಕೆ. ಎರಡೂ ಪುಸ್ತಕಗಳಿಗೆ ತಲಾ 27 ಅಧ್ಯಾಯ. ಆದರೆ ಮೊದಲನೆಯದರಲ್ಲಿ ಕಾಳಗ ಶುರುವಾಗುವುದು 11ನೆಯ ಅಧ್ಯಾಯದಲ್ಲಿ, ಇಲ್ಲಿ 19ನೆಯದರಲ್ಲಿ. ಪುಸ್ತಕದ ಮೂರರಲ್ಲಿ ಎರಡು ಪಾಲು ಕಣದ ಹೊರಗೇ ಕಳೆಯುತ್ತದೆ: ವಿಜಯಯಾತ್ರೆ, ಅಧ್ಯಕ್ಷ ಸ್ನೋನ ಬೆದರಿಕೆ, ಕ್ಯಾಟ್‌ನಿಸ್‌ಳ ಗೆಳೆಯ ಗೇಲ್‌ಗೆ ಚಾಟಿಯೇಟು, ಮೊದಲ ಕಣದಲ್ಲಿ ಸತ್ತ ಬಾಲಕಿ ರೂ ಹಾಡುತ್ತಿದ್ದ ಧಾಟಿಯನ್ನು ಸಿಳ್ಳೆ ಹಾಕಿದ್ದಕ್ಕೆ ಗುಂಡಿಗೆ ಬಲಿಯಾಗುವ 11ನೆಯ ಜಿಲ್ಲೆಯ ಮುದುಕ. ಆಟ ನೋಡಲು ಬಂದವರಿಗೆ ಲೇಖಕಿ ಮೊದಲು ದೇಶ ತೋರಿಸುತ್ತಾರೆ. ಇದನ್ನು ಎಳೆದಾಟ ಎನ್ನುವವರಿದ್ದಾರೆ. ನನಗೆ ಇದು ಲೆಕ್ಕ ಹಾಕಿಯೇ ಮಾಡಿದ ವಿಳಂಬವಾಗಿ ಕಾಣುತ್ತದೆ.

ನಿಜವಾದ ಜಾಣ್ಮೆಯಿರುವುದು ನಿರೂಪಣೆಯಲ್ಲಿ. ಎರಡೂ ಕಡೆ ಕ್ಯಾಟ್‌ನಿಸ್‌ಳೇ ವರ್ತಮಾನ ಕಾಲದಲ್ಲಿ ಕಥೆ ಹೇಳುತ್ತಾಳೆ. ಮೊದಲ ಪುಸ್ತಕದಲ್ಲಿ ಓದುಗರನ್ನು ಅವಳಿಗೆ ಹತ್ತಿರ ತಂದ ಈ ತಂತ್ರ, ಇಲ್ಲಿ ಅವಳ ಜೊತೆಗೆ ಅವರ ಕಣ್ಣಿಗೂ ಬಟ್ಟೆ ಕಟ್ಟುತ್ತದೆ. ಸುಳಿವುಗಳೇನೋ ಎದುರಿಗೇ ಇವೆ. ಕ್ರೀಡೆಯ ಮುಖ್ಯಸ್ಥ ಪ್ಲುಟಾರ್ಕ್ ತನ್ನ ಗಡಿಯಾರದಲ್ಲಿ ಬಂಡಾಯದ ಲಾಂಛನವಾದ ಮಾಕಿಂಗ್‌ಜೇ ಹಕ್ಕಿಯನ್ನು ತೋರಿಸುತ್ತಾನೆ. ಕಣವೇ 12 ಭಾಗಗಳ ಗಡಿಯಾರ. ಆಕಾಶದಿಂದಿಳಿಯುವ ಬ್ರೆಡ್ ಯಾವ ಜಿಲ್ಲೆಯದು ಎಂಬುದು ಪಾರಾಗಬೇಕಾದ ದಿನವನ್ನೂ, ಎಷ್ಟು ಎಂಬುದು ಗಂಟೆಯನ್ನೂ ಸೂಚಿಸುವ ಸಂಕೇತ. ಅವಳಿಗೆ ಮಾತ್ರ ಅದು ಹಂಚಿ ತಿನ್ನುವ ಆಹಾರ. ‘ಮತ್ತದೇ ಆಟ’ ಎಂಬ ನಮ್ಮ ನಿರೀಕ್ಷೆಯ ಮರೆಯಲ್ಲೇ ಬಂಡಾಯದ ಸಂಚು ಬೆಳೆದಿರುತ್ತದೆ. ಕಣದಲ್ಲಿ ಬದುಕುಳಿಯುವ ಪೈಪೋಟಿಯನ್ನಷ್ಟೇ ನೋಡುವ ರಾಜಧಾನಿ ಕ್ಯಾಪಿಟಲ್‌ನ ಪ್ರೇಕ್ಷಕರ ಸಾಲಿನಲ್ಲಿ ನಾವೂ ಕೂತಿರುತ್ತೇವೆ, ಇದು ತುಸು ಮುಜುಗರದ ಮಾತು.

ಅದೇ 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಇಯರ್ ಆಫ್ ದಿ ಫ್ಲಡ್’ ಕೂಡ ತ್ರಿವಳಿಯ ನಡುವಣದೇ. ಅದರ ಮೊದಲ ಸಂಪುಟ ‘ಓರಿಕ್ಸ್ ಅಂಡ್ ಕ್ರೇಕ್’ (2003) ಅಪರಿಚಿತರ ಎದುರು ಕಥೆ ನಿಲ್ಲಿಸಿದರೆ, ಇದು ಮುಂದಕ್ಕೆ ಹೋಗುವ ಬದಲು ಅದೇ ವರ್ಷಗಳನ್ನು ಟೋಬಿ ಮತ್ತು ರೆನ್ ಎಂಬ ಇಬ್ಬರು ಹೆಂಗಸರ ಕಣ್ಣಿಂದ ಕಂಡು, ಕೊನೆಗಷ್ಟೇ ಆ ಗಳಿಗೆಯನ್ನು ಮುಟ್ಟುತ್ತದೆ. ಆರು ವರ್ಷ ಕಾದವರನ್ನು ಹೀಗೆ ಕಾಯಿಸುವುದಕ್ಕೆ ಎದೆಗಾರಿಕೆ ಬೇಕು.

ಕಾಲಿನ್ಸ್ ಸೋಲುವುದು 27ನೆಯ ಅಧ್ಯಾಯದಲ್ಲಿ. ಸಂಚಿನ ವಿವರಗಳೆಲ್ಲ ಅಲ್ಲಿ ಅವಸರದ ಮಾತುಗಳಲ್ಲಿ ಬಂದು ಬೀಳುತ್ತವೆ. ಕ್ಯಾಟ್‌ನಿಸ್‌ಳ ತವರಾದ 12ನೆಯ ಜಿಲ್ಲೆಯೇ ಇಲ್ಲವಾಯಿತೆಂದು ಗೇಲ್ ಹೇಳುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಆದರೂ ಪುನರಾವರ್ತನೆಯ ಸಾಧ್ಯತೆಯನ್ನು ಈ ಸಂಪುಟ ಪೂರ್ತಿ ಬಳಸಿ ಮುಗಿಸಿತ್ತು. ‘ಮಾಕಿಂಗ್‌ಜೇ’ (2010) ಮತ್ತೊಂದು ಕ್ರೀಡೆಯನ್ನು ಏರ್ಪಡಿಸುವುದಿಲ್ಲ. ಬಲೆಗಳನ್ನು ಹುದುಗಿಸಿಟ್ಟ ಕ್ಯಾಪಿಟಲ್‌ನ ಬೀದಿಗಳನ್ನೇ ಅದು ಕಣವಾಗಿಸುತ್ತದೆ.